ದನಿ, ಗಿಟಾರ್ ಮತ್ತು ಓರೆಯಾಗಿ ನಿಂತ ಎರಡು ಮೈಕುಗಳು

ಗಿಟಾರ್ ನುಡಿಸುತ್ತಲೇ ಹಾಡಿ ಧ್ವನಿಮುದ್ರಿಸುವುದು ನನ್ನ ರೂಢಿ. ಬೇರೆ ಬೇರೆಯಾಗಿ ಮುದ್ರಿಸಿದರೆ ಕೆಲಸ ಹಗುರ, ನಿಜ. ಆದರೆ ಸಾಲಿನ ಕೊನೆಯಲ್ಲಿ ದನಿ ಎಳೆದಾಗ ಕೈಯೂ ತಾನಾಗಿ ನಿಧಾನಿಸುತ್ತದಲ್ಲ, ಆ ಹೊಂದಿಕೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ತೊಡಕಿರುವುದು ಸೋರಿಕೆಯಲ್ಲಿ. ಹಾಡುವ ಮೈಕಿನೊಳಗೆ ಗಿಟಾರ್, ಗಿಟಾರಿನ ಮೈಕಿನೊಳಗೆ ದನಿ. ಹೀಗಿದ್ದಾಗ ದನಿಯ ಫೇಡರ್ (ಮಟ್ಟ ಏರಿಳಿಸುವ ಜಾರುಗುಂಡಿ) ಏರಿಸಿದರೆ ಗಿಟಾರೂ ಏರುತ್ತದೆ, ಅದೂ ಟೊಳ್ಳಾಗಿ. ಒಂದೇ ನಾದ ಎರಡು ಮೈಕುಗಳನ್ನು ಬೇರೆ ಬೇರೆ ಗಳಿಗೆಯಲ್ಲಿ ತಲುಪಿರುತ್ತದೆ. 34 ಸೆಂಟಿಮೀಟರ್ ದೂರ ಹೆಚ್ಚಾದರೆ ಸುಮಾರು 1 ಮಿಲಿಸೆಕೆಂಡ್ ತಡ. ಎರಡನ್ನೂ ಕೂಡಿಸಿದಾಗ ಕೆಲವು ಆವರ್ತನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಇದನ್ನು ಆಮೇಲೆ ಯಾವ ಇಕ್ಯೂ (ಆವರ್ತನಗಳನ್ನು ಬೇಕಾದಂತೆ ಹೆಚ್ಚು-ಕಡಿಮೆ ಮಾಡುವ ಸಾಧನ) ಕೂಡ ಪೂರ್ತಿ ಸರಿಪಡಿಸಲಾರದು.

ಅದಕ್ಕೇ ನಾನು ಫಿಗರ್-8 ಮಾದರಿಯ ಮೈಕುಗಳನ್ನು ಬಳಸುತ್ತೇನೆ. ಇವಕ್ಕೆ ಮುಂದೆ, ಹಿಂದೆ ಚೆನ್ನಾಗಿ ಕೇಳಿಸುತ್ತದೆ. ಪಕ್ಕಗಳಲ್ಲಿ ಬಹುತೇಕ ಕಿವುಡು. ದನಿಯ ಮೈಕಿನ ಮುಖವನ್ನು ತುಸು ಮೇಲಕ್ಕೆತ್ತಿ, ಕಿವುಡು ಪಕ್ಕ ಗಿಟಾರಿನತ್ತ ಬರುವಂತೆ ಓರೆ ಮಾಡುತ್ತೇನೆ. ಹೆಡ್‌ಫೋನ್ ಹಾಕಿಕೊಂಡು, ಹಾಡದೆ ಬರೀ ಗಿಟಾರ್ ನುಡಿಸಿ ಕೇಳುತ್ತೇನೆ. ಮೈಕನ್ನು ಸ್ವಲ್ಪ ತಿರುಗಿಸಿ ಮತ್ತೆ ನುಡಿಸುತ್ತೇನೆ. ಒಂದು ಕೋನದಲ್ಲಿ ತಂತಿಯ ಹೊಳಪು ಥಟ್ಟನೆ ಅಡಗಿ, ದೂರದ ಮಂಕು ಗುನುಗು ಮಾತ್ರ ಉಳಿಯುತ್ತದೆ. ಅಲ್ಲಿಗೆ ಸ್ಟ್ಯಾಂಡಿನ ತಿರುಪು ಬಿಗಿ. ಗಿಟಾರಿನ ಮೈಕಿಗೂ ಇದೇ ಪರೀಕ್ಷೆ: ಈ ಸಲ ಬರೀ ಹಾಡು, ಕಿವುಡು ಪಕ್ಕ ಬಾಯಿಯತ್ತ.

ಗಿಟಾರಿನ ಮೈಕ್ 12ನೇ ಫ್ರೆಟ್‌ನ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಎದುರು, ಒಂದು ಗೇಣು ದೂರದಲ್ಲಿರುತ್ತದೆ. ರಂಧ್ರದ ನೇರಕ್ಕೆ ಇಡುವುದಿಲ್ಲ; ಅಲ್ಲಿ 100 ಹರ್ಟ್ಸ್ ಆಸುಪಾಸಿನ ಗುಮ್ಮೆನ್ನುವ ನಾದ ದನಿಯ ಬುಡವನ್ನೇ ಮುಚ್ಚಿಬಿಡುತ್ತದೆ. ಫಿಗರ್-8 ಮೈಕುಗಳು ಹತ್ತಿರವಾದಷ್ಟೂ ಮಂದ್ರವನ್ನು ಉಬ್ಬಿಸುವುದರಿಂದ ಎರಡೂ ಟ್ರ್ಯಾಕುಗಳಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತೇನೆ. ತಂತಿ ಮೀಟುವ ಬಿಲ್ಲೆ, ಅಂದರೆ ಪಿಕ್, ತೆಳ್ಳನೆಯದಿರಲಿ. ದಪ್ಪ ಪಿಕ್‌ನ ಹೊಡೆತದ ಮುಂದೆ ಮೆಲುದನಿ ನಿಲ್ಲುವುದಿಲ್ಲ.

ಮಿಕ್ಸ್ ಮಾಡುವಾಗ ಮೊದಲು ದನಿಯ ಮಟ್ಟ ನಿಗದಿಮಾಡಿ, ಗಿಟಾರನ್ನು ಸೊನ್ನೆಯಿಂದ ಮೇಲಕ್ಕೆ ತರುತ್ತೇನೆ. ಕೇಳುವುದು ಮೊನೊದಲ್ಲಿ (ಎರಡೂ ಕಡೆ ಒಂದೇ ನಾದ ಬರುವಂತೆ), ಪಿಸುಮಾತಿನಷ್ಟು ಸಣ್ಣ ವಾಲ್ಯೂಮಿನಲ್ಲಿ. ಸಾಹಿತ್ಯದ ಒಂದು ಅಕ್ಷರ ಮಸುಕಾದರೂ ಗಿಟಾರ್ ಅತಿಯಾಯಿತೆಂದೇ ಅರ್ಥ. ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಸ್ ನಡುವೆ ಇರುವುದರಿಂದ, ಗಿಟಾರಿನಲ್ಲಿ ಅಷ್ಟೇ ಭಾಗವನ್ನು 2–3 ಡೆಸಿಬೆಲ್ ತಗ್ಗಿಸಿದರೆ ದನಿಯನ್ನು ಏರಿಸದೆಯೇ ಮಾತು ಮುಂದಕ್ಕೆ ಬರುತ್ತದೆ. ಈ ಉಪಾಯ ನನಗೆ ಬಲು ಪ್ರಿಯ. ಜೋರು-ಮೆಲುಗಳ ಅಂತರ ತಗ್ಗಿಸುವ ಕಂಪ್ರೆಸರ್ ದನಿಗೆ ಮಾತ್ರ, ಅದೂ ಮೆಲ್ಲಗೆ. ಹೆಚ್ಚಾದರೆ ಸೋರಿಬಂದ ಗಿಟಾರ್ ಉಸಿರಿನ ನಡುವೆ ತಲೆಯೆತ್ತುತ್ತದೆ.

ಪಲ್ಲವಿಯಲ್ಲಿ ಹುರುಪಿನಿಂದ ಕೈ ಜೋರಾಗುವುದು ಸಹಜ. ಅಷ್ಟು ಸಾಲುಗಳಿಗೆ ಮಾತ್ರ ಗಿಟಾರನ್ನು 1 ಡೆಸಿಬೆಲ್ ಇಳಿಸಿ, ಚರಣ ಶುರುವಾಗುವ ಮುನ್ನ ಹಿಂದಿನ ಮಟ್ಟಕ್ಕೆ ತಂದುಬಿಡುತ್ತೇನೆ.