ಒಂದು ಓದು, ಒಂದು ಕೆಲಸ: ಬೈಬಲ್ ಓದಿನಿಂದ ದಿನದ ಪಾಠ ತೆಗೆಯುವುದು ಹೇಗೆ?

ಹೊಸ ವರ್ಷದ ಹುಮ್ಮಸ್ಸಿನಲ್ಲಿ ಜನವರಿ 1ರಂದು ಬೈಬಲ್ ಓದಲು ಕೂತವರು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಪ್ರೊಟೆಸ್ಟಂಟರ ಬೈಬಲ್‌ನಲ್ಲಿ 66 ಪುಸ್ತಕಗಳು, 1,189 ಅಧ್ಯಾಯಗಳು. ವರ್ಷದೊಳಗೆ ಮುಗಿಸಬೇಕೆಂದರೆ ದಿನಕ್ಕೆ ಮೂರೋ ನಾಲ್ಕೋ ಅಧ್ಯಾಯ. ಆದಿಕಾಂಡದ 50, ವಿಮೋಚನಕಾಂಡದ 40 ದಾಟುವಷ್ಟರಲ್ಲಿ ಜನವರಿಯ ಕೊನೆಯ ವಾರ. ಮುಂದೆ ಯಾಜಕಕಾಂಡ: ಬಲಿಪಶುವಿನ ಯಾವ ಕೊಬ್ಬನ್ನು ಸುಡಬೇಕು, ಮೂತ್ರಪಿಂಡಗಳನ್ನು ಏನು ಮಾಡಬೇಕು. ಪುಸ್ತಕ ಅಲ್ಲಿಗೆ ಮುಚ್ಚುತ್ತದೆ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವ ನಾನೇ ಎರಡು ಸಲ ಅಲ್ಲಿ ಮುಚ್ಚಿದ್ದೇನೆ.

ತಮಾಷೆಯೆಂದರೆ, ನನ್ನ ನಡವಳಿಕೆಯನ್ನು ನಿಜಕ್ಕೂ ಬದಲಿಸಿದ ವಚನ ಇದ್ದದ್ದು ಅದೇ ಯಾಜಕಕಾಂಡದಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲಿಂದ, ಎಷ್ಟು

ಮೊದಲಿನಿಂದಲೇ ಶುರು ಮಾಡಬೇಕೆಂಬ ನಿಯಮವೇನೂ ಇಲ್ಲ. ಮಾರ್ಕನ ಸುವಾರ್ತೆ, ಅಂದರೆ ಅವನು ಬರೆದ ಯೇಸುವಿನ ಕಥೆ, 16 ಅಧ್ಯಾಯ, ಓಡುವ ಕಥನ. ಹೊಸಬರಿಗೆ ಅದೇ ಸಲೀಸು. ಲೂಕನದು 24 ಅಧ್ಯಾಯ. ಡಿಸೆಂಬರ್ 1ರಿಂದ ದಿನಕ್ಕೊಂದರಂತೆ ಓದಿದರೆ ಕ್ರಿಸ್ಮಸ್‌ನ ಹಿಂದಿನ ದಿನ ಮುಗಿಯುತ್ತದೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ, ತಿಂಗಳ ತಾರೀಕಿಗೆ ಸರಿಯಾಗಿ ಹೊಂದುತ್ತದೆ. ಯಾಕೋಬನ ಪತ್ರಿಕೆಯಲ್ಲಿ ಬರೀ ಐದೇ ಅಧ್ಯಾಯವಿದ್ದರೂ ನಾಲಿಗೆ, ಕೂಲಿ, ಪಂಕ್ತಿಭೇದ ಯಾವುದನ್ನೂ ಅದು ಬಿಟ್ಟಿಲ್ಲ.

ಒಂದು ಹೊತ್ತಿಗೆ ಒಂದು ಕಥೆಯನ್ನೋ ಒಂದು ವಿಚಾರವನ್ನೋ ಪೂರ್ತಿ ಓದಿ. ಅಂಕಿ ನೋಡಿ ನಿಲ್ಲಿಸಬೇಡಿ. ಅಧ್ಯಾಯಗಳ ಈಗಿನ ವಿಂಗಡಣೆ ಬಂದದ್ದೇ 13ನೇ ಶತಮಾನದಲ್ಲಿ. ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಈಗಿನ ವಚನಸಂಖ್ಯೆಗಳು 1551ರಲ್ಲಿ ರಾಬರ್ಟ್ ಎತಿಯೆನ್ ಎಂಬ ಮುದ್ರಕ ಹಾಕಿದವು. ಬರೆದವರು ಅಂಕಿ ಹಾಕಿ ಬರೆದವರಲ್ಲ. ಆಸ್ತಿ ಹಾಳುಮಾಡಿ ಮನೆಗೆ ಮರಳಿದ, ತಪ್ಪಿಹೋದ ಮಗನ ಕಥೆಯನ್ನು ಲೂಕ 15:11ರಿಂದ (15ನೇ ಅಧ್ಯಾಯದ 11ನೇ ವಚನ) ಓದಿದರೆ ಅದು ಅಪ್ಪ-ಮಗನ ಕಥೆ. 15:1ರಿಂದ ಓದಿದರೆ, ಪಾಪಿಗಳ ಜೊತೆ ಊಟಕ್ಕೆ ಕೂರುತ್ತಾನೆಂದು ಯೇಸುವಿನ ಮೇಲೆ ಗೊಣಗಿದವರಿಗೆ ಕೊಟ್ಟ ಉತ್ತರ. ಆಗ ತಮ್ಮನಿಗಾಗಿ ನಡೆದ ಔತಣಕ್ಕೆ ಮನೆಯೊಳಗೆ ಬರದೆ ಮುನಿಸಿಕೊಂಡು ಹೊರಗೇ ನಿಂತ ಹಿರಿಯ ಮಗ ಯಾರೆಂದು ಹೊಳೆಯುತ್ತದೆ.

ಎರಡು ಅನುವಾದಗಳಿದ್ದರೆ ಇನ್ನೂ ಒಳ್ಳೆಯದು. ನಮ್ಮ ಮನೆಯ ಹಳೆಯ ಸತ್ಯವೇದದಲ್ಲಿ ‘ಯೆಹೋವ’, ‘ಸುವಾರ್ತೆ’. ಪಕ್ಕದ ಕಥೋಲಿಕ ಮನೆಯವರ ಪ್ರತಿಯಲ್ಲಿ ‘ಸರ್ವೇಶ್ವರ’, ‘ಶುಭಸಂದೇಶ’. ಒಂದರಲ್ಲಿ ತೊಡಕೆನಿಸಿದ ವಾಕ್ಯ ಇನ್ನೊಂದರಲ್ಲಿ ಬಿಡಿಸಿಕೊಳ್ಳುತ್ತದೆ.

ಯಾರು, ಯಾರಿಗೆ, ಯಾವಾಗ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಪಾಠ ತೆಗೆಯುವುದರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಆಟೊ ಹಿಂದಿನ ಗಾಜಿನ ಮೇಲೆ, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಯೆರೆಮೀಯ 29:11 ನೀವು ನೋಡಿರುತ್ತೀರಿ. ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ, ನಿಮಗೆ ಒಳ್ಳೆಯ ಭವಿಷ್ಯವಿದೆ ಎಂಬ ದೇವರ ಮಾತು. ಪರೀಕ್ಷೆ ಬರೆಯುವ ಮಗುವಿಗೆ, ಇಂಟರ್ವ್ಯೂಗೆ ಹೊರಟ ಹುಡುಗನಿಗೆ ಇದನ್ನೇ ಕಳಿಸುತ್ತೇವೆ. ಆದರೆ ಇದು ಒಂದು ಪತ್ರದ ನಡುವಿನ ಸಾಲು. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಪತ್ರ. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಜನರಿಗೆ ಹೇಳಿಬಿಟ್ಟಿದ್ದ. ಯೆರೆಮೀಯ ಹೇಳುವುದು 70 ವರ್ಷ! ಅಂದರೆ ಪತ್ರ ಓದಿದ ಎಷ್ಟೋ ಜನ ಊರಿಗೆ ಮರಳುವುದೇ ಇಲ್ಲ. ಹಾಗಾದರೆ ಏನು ಮಾಡಬೇಕು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಆ ಪರಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ.

ಈಗ ಪಾಠ ಬದಲಾಯಿತಲ್ಲ? ‘ನನಗೆ ಕೆಲಸ ಸಿಕ್ಕೇ ಸಿಗುತ್ತದೆ’ ಎಂಬುದು ಅಲ್ಲಿಲ್ಲ. ಗದಗದಿಂದ ಬಂದು ಬೆಂಗಳೂರಿನ ಪೀಜಿಯಲ್ಲಿ ಕೂತು ‘ಇದೇನು ನಮ್ಮೂರಾ?’ ಎಂದು ಮುಖ ಸಿಂಡರಿಸುವ ಹುಡುಗನಿಗೆ ಅಲ್ಲಿ ಬೇರೆಯೇ ಮಾತಿದೆ: ಇರುವಷ್ಟು ದಿನ ಈ ಬೀದಿಗೆ ನಿನ್ನಿಂದ ಒಳ್ಳೆಯದಾಗಲಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದರಿಂದ ಶುರು ಮಾಡಬಹುದು. ಸ್ಟಿಕ್ಕರ್ ಅಂಟಿಸುವುದಕ್ಕಿಂತ ಇದು ಕಷ್ಟ.

ಮೆಲುಕು

12ನೇ ಶತಮಾನದಲ್ಲಿ ಎರಡನೇ ಗ್ವಿಗೊ ಎಂಬ ಫ್ರಾನ್ಸಿನ ಮಠಾಧಿಪತಿ ಈ ಓದಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದ: ಓದು, ಧ್ಯಾನ, ಪ್ರಾರ್ಥನೆ, ದರ್ಶನ. ಓದು ತುತ್ತನ್ನು ಬಾಯಿಗಿಡುತ್ತದೆ, ಧ್ಯಾನ ಅದನ್ನು ಅಗಿಯುತ್ತದೆ ಎಂದು ಅವನ ವಿವರಣೆ. ನಮ್ಮಲ್ಲಿ ಅದಕ್ಕೆ ‘ಮೆಲುಕು ಹಾಕುವುದು’ ಎಂಬ ಮಾತು ಮೊದಲೇ ಇದೆ. ಓದಿದ ಭಾಗವನ್ನು ಇನ್ನೊಮ್ಮೆ ತುಟಿ ಅಲುಗುವಂತೆ ಓದಿ, ಪುಸ್ತಕ ಮುಚ್ಚಿ, ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿಕೊಳ್ಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ನೀವು ಸರಿಯಾಗಿ ಓದಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ, ಈ ಕಥೆಯಲ್ಲಿ ನೀನು ಯಾರು ಎಂದು ಕೇಳಿ ನೋಡಿ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಕಥೆಗೆ ಒಬ್ಬ ಹುಡುಗ ಥಟ್ಟನೆ ‘ಕತ್ತೆ’ ಎಂದ. ಎಲ್ಲರೂ ನಕ್ಕರು. ಆಮೇಲೆ ನಾನು ಲೂಕ 10:34 ತೆಗೆದು ನೋಡಿದೆ. ಗಾಯಗೊಂಡವನನ್ನು ತನ್ನ ಸವಾರಿಯ ಪ್ರಾಣಿಯ ಮೇಲೆ ಹತ್ತಿಸಿದ ಎಂದಿದೆ. ಅಂದರೆ ಸಮಾರ್ಯದವನು ಮಿಕ್ಕ ದಾರಿ ನಡೆದಿರಬೇಕು! ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಮರುದಿನ ಹೊರಡುವಾಗ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ವಾಪಸು ಬರುವಾಗ ಕೊಡುತ್ತೇನೆ ಎನ್ನುತ್ತಾನೆ. ಆಸ್ಪತ್ರೆಗೆ ಒಮ್ಮೆ ಹೋಗಿ ಕಿತ್ತಳೆಹಣ್ಣು ಕೊಟ್ಟು ಬಂದು ಸುಮ್ಮನಾಗುವ ನಮಗೆ, ಎರಡನೇ ಸಲ ಹೋಗುವ ಪಾಠ ಅಲ್ಲಿದೆ.

ಕ್ರಿಯಾಪದ, ಹೆಸರು, ಹೊತ್ತು

‘ನಾನು ಪ್ರೀತಿಯಿಂದ ಇರಬೇಕು’ ಎಂದು ನೋಟ್‌ಬುಕ್ಕಿನಲ್ಲಿ ಬರೆದರೆ ಅದು ಪಾಠವಲ್ಲ, ಆಶಯ. ಪಾಠದ ಸಾಲಿನಲ್ಲಿ ಮೂರು ಇರಬೇಕು: ಏನು ಮಾಡುತ್ತೇನೆ, ಯಾರಿಗೆ, ಎಷ್ಟು ಹೊತ್ತಿನೊಳಗೆ.

ಯಾಜಕಕಾಂಡದ ಮಾತಿಗೆ ಬರುತ್ತೇನೆ. 19:13ರಲ್ಲಿ, ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಬಳಿ ಉಳಿಯಕೂಡದು ಎಂದಿದೆ. ಧರ್ಮೋಪದೇಶಕಾಂಡ 24:15 ಇನ್ನೂ ಬಿಗಿ: ಹೊತ್ತು ಮುಳುಗುವ ಮುಂಚೆ ಕೊಡು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ. ಯಾಕೋಬ 5:4ರಲ್ಲಿ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ. ನಾನು ಇದನ್ನು ಓದಿದ ವಾರ ನಮ್ಮ ಹಿತ್ತಲ ಗೋಡೆಗೆ ಗಾರೆ ಮಾಡಿದವರಿಗೆ ‘ಸೋಮವಾರ ಬನ್ನಿ’ ಎಂದಿದ್ದೆ. ದುಡ್ಡಿರಲಿಲ್ಲವೆಂದಲ್ಲ, ಬ್ಯಾಂಕಿಗೆ ಹೋಗಲು ಬೇಸರ. ಆ ದಿನದ ಸಾಲು ತಾನೇ ತಾನಾಗಿ ಬಂತು: ‘ಗಾರೆಯವರ ಬಾಕಿ, ಇವತ್ತು, ಸಂಜೆ ಆರರೊಳಗೆ.’ ಈಗ ಮೊಬೈಲಿನಲ್ಲೇ ಕಳಿಸಬಹುದಾದ್ದರಿಂದ ನೆಪವೂ ಉಳಿದಿಲ್ಲ.

ರಾತ್ರಿ ಅದೇ ಸಾಲಿನ ಕೆಳಗೆ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಬರೆಯಿರಿ. ಕಾರಣ ಬರೆಯಬೇಡಿ. ಕಾರಣ ಬರೆಯಲು ಶುರುಮಾಡಿದರೆ ನೋಟ್‌ಬುಕ್ ಮುಗಿಯುತ್ತದೆ, ಕೆಲಸ ಉಳಿಯುತ್ತದೆ.

ಇನ್ನೊಬ್ಬರ ಪಾಠ ಓದಬೇಡಿ

‘ಈ ವಚನ ನಮ್ಮತ್ತೆಗೆ ಸರಿ’ ಎನಿಸಿದ ಕೂಡಲೇ ಪುಟ ತಿರುವಿ. ಗಂಡಸರಿಗೂ ಒಂದು ಮಾತಿದೆ: ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಎಂಬ ಎಫೆಸ 5:22ಕ್ಕೆ ನಿಲ್ಲಿಸಿ ಪುಸ್ತಕ ಮುಚ್ಚುವ ಹಾಗಿಲ್ಲ. 21ರಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ. 25ರಲ್ಲಿ ಕ್ರಿಸ್ತನು ಸಭೆಗಾಗಿ, ಅಂದರೆ ತನ್ನನ್ನು ನಂಬಿದವರ ಬಳಗಕ್ಕಾಗಿ, ಪ್ರಾಣ ಕೊಟ್ಟಂತೆ ಗಂಡ ಪ್ರೀತಿಸಬೇಕು ಎಂದಿದೆ. ಪ್ರಾಣದ ಮಾತು ಹಾಗಿರಲಿ, ಒಂದು ಲೋಟ ಚಹಾ ಮಾಡಿಕೊಡುವುದರಿಂದ ಆರಂಭಿಸಬಹುದು.

ಎಲ್ಲ ಭಾಗದಿಂದಲೂ ಪಾಠ ಹಿಂಡಲೂ ಹೋಗಬೇಡಿ. ನ್ಯಾಯಸ್ಥಾಪಕರು 11ರಲ್ಲಿ ಹರಕೆಗೆ ಕಟ್ಟುಬಿದ್ದು ಮಗಳನ್ನೇ ಬಲಿಕೊಡುವ ಯೆಫ್ತಾಹನ ಕಥೆ ಇದೆ. ಬೈಬಲ್ ಅದನ್ನು ಹೇಳುತ್ತದೆ, ಹಾಗೆ ಮಾಡಿರಿ ಎನ್ನುವುದಿಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಒಂದು ಸಾಲಿಲ್ಲ. ಸಾವಿನ ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಸುಮ್ಮನೆ ಕೂತರೆ ಸಾಕು.

ತಪ್ಪಿದ ದಿನ

ತಪ್ಪುತ್ತದೆ. ಮದುವೆ, ಜ್ವರ, ರಾತ್ರಿ ಬಸ್ಸು. ಬಾಕಿ ತೀರಿಸಲು ಒಂದೇ ಬೆಳಗ್ಗೆ ಹನ್ನೆರಡು ಅಧ್ಯಾಯ ಓಡಿಸಬೇಡಿ. ಆ ದಿನದ ತಾರೀಕು ನೋಡಿ, ಜ್ಞಾನೋಕ್ತಿಗಳ ಅದೇ ಅಧ್ಯಾಯ ತೆಗೆಯಿರಿ. ಕಳೆದ ತಿಂಗಳು ಐದು ದಿನ ಬಿಟ್ಟು ನಾನು ಮತ್ತೆ ಕೂತದ್ದು 17ರಂದು. 17:1: ಜಗಳದ ಮನೆಯ ಔತಣಕ್ಕಿಂತ ಸಮಾಧಾನದ ಒಣ ತುತ್ತು ಲೇಸು. ಅವತ್ತು ಮಗ ಮಾಡಿದ ಉಪ್ಪಿಟ್ಟಿಗೆ ಉಪ್ಪೇ ಬಿದ್ದಿರಲಿಲ್ಲ. ಏನೂ ಅನ್ನದೆ ಉಪ್ಪಿನಕಾಯಿ ಭರಣಿ ಹತ್ತಿರಕ್ಕೆ ಎಳೆದುಕೊಂಡೆ. ರಾತ್ರಿ ನೋಟ್‌ಬುಕ್ಕಿನಲ್ಲಿ ‘ಆಯಿತು’ ಎಂದು ಬರೆದೆ.