ಟೆಕ್ಸಾಸ್‌ನ ಹಳೆಯ ಕೌಂಟಿ ಕೋರ್ಟ್‌ಹೌಸ್‌ನ ಚರಿತ್ರೆಯನ್ನು ಬರೆಯುವ ಬಗೆ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಜಿಲ್ಲೆಯಂಥ ಆಡಳಿತ ವಿಭಾಗಗಳಾದ ಕೌಂಟಿಗಳು 254 ಇವೆ. ಅವುಗಳಲ್ಲಿ ಹಲವು ಗ್ರಾಮೀಣ ಕೌಂಟಿಗಳ ಕೇಂದ್ರ ಪಟ್ಟಣದಲ್ಲಿ ಇಂದಿಗೂ ದೂರದಿಂದಲೇ ಕಣ್ಣಿಗೆ ಬೀಳುವುದು ಕೋರ್ಟ್‌ಹೌಸ್‌ನ, ಅಂದರೆ ನ್ಯಾಯಾಲಯವೂ ಕೌಂಟಿಯ ಕಚೇರಿಗಳೂ ಇರುವ ಕಟ್ಟಡದ, ಗೋಪುರ. ಇಂಥ ಕಟ್ಟಡದ ಚರಿತ್ರೆಯನ್ನು ಬರೆಯಹೊರಟವರು ನೇರವಾಗಿ ದಾಖಲೆ ಕೋಣೆಗೆ ಹೋಗುವ ಬದಲು ಮೊದಲು ಕಟ್ಟಡಕ್ಕೆ ಒಂದು ಸುತ್ತು ಬರಬೇಕು. ಕಡತಗಳಲ್ಲಿ ಏನನ್ನು ಹುಡುಕಬೇಕೆಂಬುದು ಆಗಲೇ ತಿಳಿಯುತ್ತದೆ.

ಕಟ್ಟಡವು ಚೌಕದ ನಟ್ಟನಡುವೆ ನಿಂತು, ಬೀದಿಗಳು ಚೌಕದ ನಾಲ್ಕು ಮೂಲೆಗಳಲ್ಲಿ ಕೂಡುತ್ತಿದ್ದರೆ ಅದು ಟೆನೆಸ್ಸಿಯ ಶೆಲ್ಬಿವಿಲ್ ಪಟ್ಟಣದ ಹೆಸರಿನಿಂದ ಕರೆಯಲಾಗುವ ವಿನ್ಯಾಸ. ನಾಲ್ಕೂ ಕಡೆ ಅಂಗಡಿ ಸಾಲುಗಳು ಎದುರಾಗಿರುವುದರಿಂದ ಅಲ್ಲಿನ ಕೋರ್ಟ್‌ಹೌಸ್‌ಗೆ ಹಿಂಬದಿ ಎಂಬುದೇ ಇರುವುದಿಲ್ಲ.

ಬಳಿಕ ಅಡಿಗಲ್ಲನ್ನು ಹುಡುಕಿರಿ. ಫ್ರೀಮೇಸನ್ ಎಂಬ ಸೋದರ ಸಂಘದವರು ಅದನ್ನು ಸಾಮಾನ್ಯವಾಗಿ ಈಶಾನ್ಯ ಮೂಲೆಯಲ್ಲಿ ಇರಿಸುತ್ತಿದ್ದರು. ಅದರ ಮೇಲಿನ ಇಸವಿಯನ್ನೇ ಕಟ್ಟಡ ಮುಗಿದ ವರ್ಷವೆಂದು ಬರೆದುಬಿಡುವುದು ನಾನು ಮತ್ತೆ ಮತ್ತೆ ಕಂಡಿರುವ ತಪ್ಪು. ಅದು ಕಲ್ಲನ್ನು ಇಟ್ಟ ವರ್ಷ ಮಾತ್ರ.

ಕಟ್ಟಡವನ್ನು ಓದುವ ಅಭ್ಯಾಸಕ್ಕೆ ವ್ಯಾಕ್ಸಹ್ಯಾಚಿ ಪಟ್ಟಣದಲ್ಲಿ 1897ರಲ್ಲಿ ಪೂರ್ಣಗೊಂಡ ಎಲಿಸ್ ಕೌಂಟಿ ಕೋರ್ಟ್‌ಹೌಸ್‌ಗಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ವಾಸ್ತುಶಿಲ್ಪಿ ಜೇಮ್ಸ್ ರೈಲಿ ಗಾರ್ಡನ್ ಗುಲಾಬಿ ಗ್ರಾನೈಟ್ ಮತ್ತು ಕೆಂಪು ಮರಳುಗಲ್ಲನ್ನು ಬಳಸಿ, ಅಮೆರಿಕದ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಬಳಕೆಗೆ ತಂದಿದ್ದ ದಪ್ಪ ಗೋಡೆ, ಅರ್ಧವೃತ್ತದ ಕಮಾನು, ಒರಟು ಮುಖದ ಕಲ್ಲುಗಳ ಶೈಲಿಯಲ್ಲಿ ಅದನ್ನು ಕಟ್ಟಿಸಿದರು. ಮುಖಮಂಟಪದ ಕಂಬಗಳ ಬೋದಿಗೆಗಳ ಬಳಿ ನಿಂತು ನೋಡಿದರೆ ಎಲೆಬಳ್ಳಿಗಳ ನಡುವಿನಿಂದ ಮನುಷ್ಯರ ಮುಖಗಳು ಇಣುಕುತ್ತವೆ. ಆದರೆ ಇದರ ನಿಜವಾದ ಜಾಣ್ಮೆ ಇರುವುದು ನಕ್ಷೆಯಲ್ಲಿ: ಶಿಲುಬೆಯಾಕಾರದ ಕಟ್ಟಡದ ಒಳಮೂಲೆಗಳಲ್ಲಿ ಬಾಗಿಲುಗಳನ್ನಿಟ್ಟು, ನಡುವಿನ ಗೋಪುರದ ಮೂಲಕ ಬಿಸಿಗಾಳಿ ಮೇಲೇರಿ ಹೋಗುವಂತೆ ಮಾಡಿದ್ದರಿಂದ, ಹವಾನಿಯಂತ್ರಣ ಇಲ್ಲದ ಕಾಲದಲ್ಲೂ ಟೆಕ್ಸಾಸ್‌ನ ಬೇಸಿಗೆಯನ್ನು ಸಹಿಸಿಕೊಂಡು ಕಲಾಪ ನಡೆಸಬಹುದಾಗಿತ್ತು.

ಇಷ್ಟಾದ ಮೇಲೆ ದಾಖಲೆಗಳನ್ನು ಕಾಪಾಡುವ ಅಧಿಕಾರಿಯಾದ ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಿ ಕಮಿಷನರ್ಸ್ ಕೋರ್ಟ್‌ನ ನಡಾವಳಿ ಪುಸ್ತಕಗಳನ್ನು ಕೇಳಿರಿ. ಹೆಸರಿನಲ್ಲಿ ಕೋರ್ಟ್ ಇದ್ದರೂ ಅದು ಮುಖ್ಯವಾಗಿ ಕೌಂಟಿಯ ಆಡಳಿತ ಮಂಡಳಿ. ಗುತ್ತಿಗೆ, ಸಾಲಪತ್ರ, ವಾಸ್ತುಶಿಲ್ಪಿಯ ನೇಮಕ, ಹಣ ಪಾವತಿ ಎಲ್ಲವನ್ನೂ ತೀರ್ಮಾನಿಸುತ್ತಿದ್ದುದು ಅದೇ.

ಈಗ ಕಾಣುವುದೆಲ್ಲ ಮೂಲದ್ದೆಂದು ನಂಬಬೇಡಿ. ಹಿಲ್ಸ್‌ಬರೋದಲ್ಲಿರುವ ಹಿಲ್ ಕೌಂಟಿ ಕೋರ್ಟ್‌ಹೌಸ್ 1993ರ ಜನವರಿ 1ರಂದು ಬೆಂಕಿಗೆ ಆಹುತಿಯಾಗಿ, 1999ರಲ್ಲಿ ಮರುನಿರ್ಮಾಣಗೊಂಡಿತು; ಅಂಥ ಕಡೆ ಉಳಿದ ಕಲ್ಲು ಯಾವುದು, ಹೊಸದು ಯಾವುದು ಎಂಬುದನ್ನು ಬೇರ್ಪಡಿಸಿ ದಾಖಲಿಸಬೇಕು. ಬೆಂಕಿ ಕಾಣದ ಕಟ್ಟಡಗಳಲ್ಲೂ ಎಷ್ಟೋ ವಿಚಾರಣಾ ಸಭಾಂಗಣಗಳ ಎತ್ತರದ ಚಾವಣಿಯ ಕೆಳಗೆ ನಂತರದವರು ಇನ್ನೊಂದು ತಗ್ಗು ಚಾವಣಿಯನ್ನು ತೂಗುಹಾಕಿದ್ದಾರೆ. ಅನುಮತಿ ಪಡೆದು, ಏಣಿ ಹತ್ತಿ, ಅದರ ಒಂದು ಹಲಗೆಯನ್ನು ಸರಿಸಿ ಟಾರ್ಚ್ ಬಿಟ್ಟು ನೋಡಿರಿ: ಹಳೆಯ ಬಾಲ್ಕನಿಯ ಕಟಕಟೆ, ಕಿಟಕಿಯ ಕಮಾನಿನ ತುದಿ, ಮೊದಲ ಬಣ್ಣದ ಪಟ್ಟಿ ಅಲ್ಲೇ ಕತ್ತಲಲ್ಲಿ ಉಳಿದಿರಬಹುದು.