ಕಂಪನಿಗೆ ಸೇವಿಂಗ್ಸ್ ಅಕೌಂಟ್ ಕೇಳಲು ಹೋದಾಗ

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಚಿಕ್ಕ ಮಷಿನ್ ಶಾಪ್ ಇದೆ. ಎರಡು ಸಿಎನ್‌ಸಿ, ಒಂದು ಹಳೇ ಲೇತ್, ಏಳು ಜನ ಹುಡುಗರು. ಮೊದಲು ನನ್ನೊಬ್ಬನ ಹೆಸರಲ್ಲಿತ್ತು. ದೊಡ್ಡ ಗಿರಾಕಿಯೊಬ್ಬರು ಹಟ ಹಿಡಿದಿದ್ದಕ್ಕೆ ಪ್ರೈವೇಟ್ ಲಿಮಿಟೆಡ್ ಮಾಡಿಸಿದೆವು. ಡೈರೆಕ್ಟರ್ ಅಂದರೆ ನಾನು ಮತ್ತು ನನ್ನ ಹೆಂಡತಿ. ಲೆಕ್ಕವೆಲ್ಲ ಅವಳದೇ.

ಒಂದು ಸಂಜೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಮುಂದೆ ಕೂತವಳು ಕೇಳಿದಳು. "ರೀ, ಅಕೌಂಟಲ್ಲಿ 18 ಲಕ್ಷ ಇದೆ. ಬಡ್ಡಿ ಎಷ್ಟು ಬಂತು?"

ಸೊನ್ನೆ. ಅದು ಕರೆಂಟ್ ಅಕೌಂಟ್. 6% ಅಂತ ಹಿಡಿದರೂ ವರ್ಷಕ್ಕೆ 1,08,000 ಆಯ್ತು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಬ್ಯಾಂಕಿಗೆ ಹೋಗಿ ಕಂಪನಿ ಹೆಸರಲ್ಲಿ ಸೇವಿಂಗ್ಸ್ ಅಕೌಂಟ್ ಬೇಕು ಎಂದೆ. ಮ್ಯಾನೇಜರ್ ನಕ್ಕರು. ವ್ಯಾಪಾರ ಮಾಡುವ ಯಾವ ಸಂಸ್ಥೆಗೂ ಸೇವಿಂಗ್ಸ್ ಅಕೌಂಟ್ ಕೊಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಒಬ್ಬರದಾಗಲಿ, ಪಾಲುದಾರಿಕೆಯಾಗಲಿ, ಕಂಪನಿಯಾಗಲಿ, ಎಲ್ಲರಿಗೂ ಒಂದೇ. ಕಂಪನಿಗಳ ಪೈಕಿ ಲಾಭಕ್ಕಾಗಿ ನಡೆಸದ ಸೆಕ್ಷನ್ 8 ಕಂಪನಿಗಳಿಗೆ ಮಾತ್ರ ಆ ಭಾಗ್ಯ. ಇಷ್ಟು ವರ್ಷ ಧಂದೆ ಮಾಡಿ ನನಗೆ ಇದು ಗೊತ್ತಿರಲಿಲ್ಲ, ನೋಡಿ.

ಹೊರಗೆ ಬರುವಾಗ ಅಲ್ಲಿನ ಹುಡುಗನೊಬ್ಬ ಮೆಲ್ಲಗೆ ಹೇಳಿದ. "ಸಾರ್, ನಿಮ್ಮ ಹೆಸರಲ್ಲೇ ಒಂದು ಸೇವಿಂಗ್ಸ್ ತೆಗೀರಿ. ಅದಕ್ಕೆ ಹಾಕ್ಕೊಳ್ಳಿ." ಐಡಿಯಾ ಚೆನ್ನಾಗಿಯೇ ಕಂಡಿತು. ಆಡಿಟರಿಗೆ ಫೋನ್ ಮಾಡಿದೆ, ಚೆನ್ನಾಗಿ ಬೈಸಿಕೊಂಡೆ. ಕಂಪನಿ ದುಡ್ಡು ಡೈರೆಕ್ಟರ್ ಜೇಬಿಗೆ ಹೋದರೆ ಅದು ಡೈರೆಕ್ಟರಿಗೆ ಕೊಟ್ಟ ಸಾಲ. ಕಂಪನಿ ಕಾಯ್ದೆಯ 185ನೇ ಸೆಕ್ಷನ್ ಅಡ್ಡ ಬರುತ್ತದೆ. ಇನ್‌ಕಮ್ ಟ್ಯಾಕ್ಸ್‌ನವರು ಅದನ್ನು ಡಿವಿಡೆಂಡ್ ಅಂತ ಎಣಿಸಿ ನನ್ನ ಮೇಲೆ ತೆರಿಗೆ ಹಾಕಬಹುದು. ನಾಲ್ಕು ಕಾಸು ಬಡ್ಡಿಗೆ ಇಷ್ಟೆಲ್ಲ ಬೇಕಾ?

ಆಮೇಲೆ ಮಾಡಿದ್ದು ಆಟೋ ಸ್ವೀಪ್. ಕರೆಂಟ್ ಅಕೌಂಟಲ್ಲಿ ಇಂತಿಷ್ಟಕ್ಕಿಂತ ಜಾಸ್ತಿ ಇದ್ದರೆ ತಾನಾಗಿಯೇ ಎಫ್‌ಡಿ ಆಗುತ್ತದೆ. ಚೆಕ್ ಬಂದರೆ ತಾನಾಗಿಯೇ ಮುರಿಯುತ್ತದೆ. ಕೇಳಲು ಸೊಗಸು. ಆದರೆ ನಮ್ಮ ದುಡ್ಡು ಹತ್ತು ಹದಿನೈದು ದಿನಕ್ಕಿಂತ ಜಾಸ್ತಿ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಮುರಿದಾಗ ಸಿಗುವುದು ಬ್ಯಾಂಕಿನ ಪೋಸ್ಟರಿನಲ್ಲಿದ್ದ ಒಂದು ವರ್ಷದ ದರ ಅಲ್ಲ, ದುಡ್ಡು ಎಷ್ಟು ದಿನ ಇತ್ತೋ ಅಷ್ಟು ದಿನದ ದರ. ಅದರಲ್ಲೂ ದಂಡ ಹಿಡಿದರು. ಸ್ಟೇಟ್‌ಮೆಂಟಿನ ತುಂಬ ಹೋಗಿದ್ದು ಬಂದಿದ್ದೇ ಎಂಟ್ರಿ. ಬಡ್ಡಿಗಿಂತ ಟ್ಯಾಲಿಯಲ್ಲಿ ತಾಳೆ ಹಾಕುವ ಕೆಲಸವೇ ಜಾಸ್ತಿ ಆಯ್ತು ಅಂತ ಮನೆಯಲ್ಲಿ ಮುನಿಸು. ಆರು ತಿಂಗಳಿಗೆ ಅದನ್ನು ನಿಲ್ಲಿಸಿದೆವು.

ಒಂದು ಭಾನುವಾರ ಹಿಂದಿನ 12 ತಿಂಗಳ ಸ್ಟೇಟ್‌ಮೆಂಟ್ ಹರಡಿಕೊಂಡು ಕೂತೆವು. ಪ್ರತಿ ತಿಂಗಳು ಬ್ಯಾಲೆನ್ಸ್ ಅತಿ ಕೆಳಗೆ ಇಳಿದದ್ದು ಎಷ್ಟಕ್ಕೆ ಅಂತ ಒಂದು ಹಾಳೆಯಲ್ಲಿ ಬರೆದೆವು. ಮೊದಲೇ ಮಾಡಬೇಕಿದ್ದ ಕೆಲಸ ಇದು. 18 ಲಕ್ಷ ಅನ್ನುವುದು ತಿಂಗಳ ಮೊದಲ ವಾರದ ಚಿತ್ರ, ಅಷ್ಟೇ. 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದಿಟ್ಟ ತೆರಿಗೆ), ಅದರ ಹಿಂದೆಯೇ ಸಂಬಳ, 20ಕ್ಕೆ ಜಿಎಸ್‌ಟಿ. ಎಲ್ಲ ಕಟ್ಟಿದ ಮೇಲೆ ಉಳಿಯುವುದು ಬೇರೆಯೇ. ಇಡೀ ವರ್ಷದಲ್ಲಿ ಅತಿ ಕಡಿಮೆ ಅಂದರೆ 11 ಲಕ್ಷ ಚಿಲ್ಲರೆ. ಮಷಿನ್‌ನ ಸ್ಪಿಂಡಲ್ ಕೈ ಕೊಟ್ಟರೆ ಅಂತ 2 ಲಕ್ಷ ಬಿಟ್ಟೆವು. ನಿಜವಾಗಿ ಸುಮ್ನೆ ಕೂತಿದ್ದ ದುಡ್ಡು 9 ಲಕ್ಷ.

ಅದನ್ನು ಒಂದೇ ಎಫ್‌ಡಿ ಮಾಡಲಿಲ್ಲ. ತಲಾ 1.5 ಲಕ್ಷದ ಆರು ತುಂಡು. ತುರ್ತಿಗೆ ಒಂದು ಮುರಿದರೆ ಉಳಿದ ಐದು ಹಾಗೇ ಇರುತ್ತವೆ. ನಾಲ್ಕರ ಅವಧಿ ಮುಗಿಯುವುದನ್ನು ಅಡ್ವಾನ್ಸ್ ಟ್ಯಾಕ್ಸ್ ತಾರೀಖುಗಳಿಗೆ ಹೊಂದಿಸಿದೆವು. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ಕಂತು ಕಟ್ಟಬೇಕಲ್ಲ, ಅದಕ್ಕೆ ಐದು ದಿನ ಮುಂಚೆ ದುಡ್ಡು ಕೈಗೆ ಬರುವ ಹಾಗೆ.

ಯಾವ ಬ್ಯಾಂಕು ಅನ್ನುವಾಗ ಬಡ್ಡಿ ದರಕ್ಕಿಂತ ಮೊದಲು ಇನ್ಶೂರೆನ್ಸ್ ನೋಡಿದೆ. 2020ರ ಜನವರಿಯಲ್ಲಿ ಬಸವನಗುಡಿಯ ಒಂದು ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, 35,000ಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ ಎಂದಾಗ ಹೊರಗೆ ನಿಂತಿದ್ದ ಸಾಲು ಟಿವಿಯಲ್ಲಿ ನೋಡಿದ್ದೆ. ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ಸಿಗುವ ಡಿಐಸಿಜಿಸಿ ವಿಮೆ ಆಗ ಒಬ್ಬರಿಗೆ ಒಂದು ಬ್ಯಾಂಕಲ್ಲಿ ಬರೀ 1 ಲಕ್ಷ. ಮುಂದಿನ ತಿಂಗಳು ಅದು 5 ಲಕ್ಷಕ್ಕೆ ಏರಿತು. ಈ 5 ಲಕ್ಷದಲ್ಲಿ ಬಡ್ಡಿಯೂ ಸೇರುತ್ತದೆ. ಅದೇ ಬ್ಯಾಂಕಿನ ಕರೆಂಟ್ ಅಕೌಂಟ್ ಬ್ಯಾಲೆನ್ಸ್ ಕೂಡ ಸೇರುತ್ತದೆ, ಇದು ತುಂಬ ಜನಕ್ಕೆ ಹೊಳೆಯುವುದಿಲ್ಲ. ಆದರೆ ಕಂಪನಿ ಬೇರೆ, ನಾನು ಬೇರೆ. ನನ್ನ ಸ್ವಂತ ಠೇವಣಿಯನ್ನು ಇದಕ್ಕೆ ಕೂಡಿಸುವುದಿಲ್ಲ. ಹೀಗಾಗಿ ಕರೆಂಟ್ ಅಕೌಂಟ್ ಇಲ್ಲದ ಬೇರೆ ಎರಡು ಬ್ಯಾಂಕಲ್ಲಿ 4.5 ಲಕ್ಷದಂತೆ ಇಟ್ಟೆವು. ಜಾಸ್ತಿ ಬಡ್ಡಿ ಕೊಡುವ ಸಣ್ಣ ಬ್ಯಾಂಕುಗಳೂ ಇದ್ದವು. ಮನಸ್ಸು ಒಪ್ಪಲಿಲ್ಲ.

ಲಿಕ್ವಿಡ್ ಫಂಡ್ (ಅಲ್ಪಾವಧಿ ಸಾಲಪತ್ರಗಳಲ್ಲಿ ದುಡ್ಡು ಹಾಕುವ ಮ್ಯೂಚುವಲ್ ಫಂಡ್) ಬಗ್ಗೆಯೂ ವಿಚಾರಿಸಿದೆ. ಏಳನೇ ದಿನದಿಂದ ಎಕ್ಸಿಟ್ ಲೋಡ್ (ಬೇಗ ತೆಗೆದರೆ ಹಿಡಿಯುವ ಶುಲ್ಕ) ಇಲ್ಲ, ದುಡ್ಡು ಸಾಮಾನ್ಯವಾಗಿ ಮರುದಿನವೇ ಬರುತ್ತದೆ. ಆದರೆ ಅದಕ್ಕೆ ವಿಮೆ ಇಲ್ಲ. 5 ಲಕ್ಷವನ್ನು 45 ದಿನ ಇಟ್ಟು 1% ಜಾಸ್ತಿ ಸಿಕ್ಕರೂ 616 ರೂಪಾಯಿ. ಅದಕ್ಕೋಸ್ಕರ ಇನ್ನೊಂದು ಕೆವೈಸಿ ಯಾರು ಮಾಡುತ್ತಾರೆ? ಕೋಟಿಗಟ್ಟಲೆ ಇದ್ದವರ ಲೆಕ್ಕ ಬೇರೆ ಬಿಡಿ.

ಕಾಗದಪತ್ರ ಹೇಗೂ ಇದ್ದದ್ದೇ. ಪ್ಯಾನ್, ಇನ್‌ಕಾರ್ಪೊರೇಷನ್ ಸರ್ಟಿಫಿಕೇಟ್, ಕಂಪನಿಯ ಉದ್ದೇಶ, ನಿಯಮ ಬರೆದಿರುವ ಎಂಒಎ ಮತ್ತು ಎಒಎ, ಬೋರ್ಡ್ ರೆಸಲ್ಯೂಷನ್. ಕಂಪನಿ ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವುದನ್ನು ಬೋರ್ಡ್ ಮೀಟಿಂಗಲ್ಲೇ ತೀರ್ಮಾನಿಸಬೇಕು. ನಮ್ಮ ಬೋರ್ಡ್ ಮೀಟಿಂಗ್ ನಡೆದದ್ದು ಊಟದ ಟೇಬಲ್ ಮೇಲೆ, ಉಪ್ಪಿಟ್ಟು ತಿನ್ನುತ್ತಾ. ಮಿನಿಟ್ಸ್ ಮಾತ್ರ ಸರಿಯಾಗಿ ಬರೆದಿಟ್ಟೆವು.

ಒಂದು ಕಡೆ ಎಡವಿದೆ. ಎಫ್‌ಡಿ ಫಾರಂನಲ್ಲಿ ಆಟೋ ರಿನ್ಯೂವಲ್ ಅಂತ ಒಂದು ಬಾಕ್ಸ್ ಇರುತ್ತದೆ. ಕೌಂಟರಿನವರು ಟಿಕ್ ಮಾಡಿ ಕೊಟ್ಟಿದ್ದರು, ನಾನು ನೋಡದೆ ಸೀಲ್ ಒತ್ತಿ ಸಹಿ ಹಾಕಿದ್ದೆ. ಡಿಸೆಂಬರ್ 10ಕ್ಕೆ ಬರಬೇಕಾದ ದುಡ್ಡು ಇನ್ನೊಂದು ವರ್ಷಕ್ಕೆ ಮತ್ತೆ ಎಫ್‌ಡಿ ಆಗಿ ಕೂತಿತು. ಕಂತು ಕಟ್ಟಲು ನಾಲ್ಕೇ ದಿನದಲ್ಲಿ ಮುರಿಸಿದೆ. ಏಳು ದಿನವೂ ತುಂಬಿರಲಿಲ್ಲ, ಆ ನಾಲ್ಕು ದಿನಕ್ಕೆ ಬಡ್ಡಿ ಬರಲಿಲ್ಲ. ಹೋದದ್ದು ನೂರು ರೂಪಾಯಿ ಚಿಲ್ಲರೆ, ಓಡಾಟಕ್ಕೆ ಅರ್ಧ ದಿನ.

ಬಡ್ಡಿ ದರ ಸರಾಸರಿ 6.5% ಬಿತ್ತು. ವರ್ಷಕ್ಕೆ 58,500. ಒಂದೊಂದು ಬ್ಯಾಂಕಲ್ಲಿ 29,250 ಮಾತ್ರ. 2025ರ ಏಪ್ರಿಲ್‌ನಿಂದ ಬ್ಯಾಂಕ್ ಬಡ್ಡಿಯ ಟಿಡಿಎಸ್ ಮಿತಿ 50,000 ಆಗಿರುವುದರಿಂದ ಎರಡೂ ಬ್ಯಾಂಕಿನವರು ಹಿಡಿಯಲಿಲ್ಲ. ಹಾಗಂತ ತೆರಿಗೆ ತಪ್ಪಲಿಲ್ಲ. ನಾವು ಆರಿಸಿಕೊಂಡಿರುವ 22% ಕಂಪನಿ ತೆರಿಗೆ ದರಕ್ಕೆ ಸರ್‌ಚಾರ್ಜ್, ಸೆಸ್ ಸೇರಿ 25.17% ಆಗುತ್ತದೆ. ಅದು ಕಳೆದು ಕೈಯಲ್ಲಿ ಉಳಿದದ್ದು ಸುಮಾರು 43,800. ಹೆಂಡತಿ ಅದನ್ನು ಬೋನಸ್ ಲೆಕ್ಕಕ್ಕೆ ಎತ್ತಿಟ್ಟಿದ್ದಾಳೆ. ಎಫ್‌ಡಿ ತಾರೀಖುಗಳನ್ನೆಲ್ಲ ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಬರೆದಿದ್ದಾಳೆ, ಗ್ಯಾಸ್ ಬುಕ್ ಮಾಡಿದ ತಾರೀಖಿನ ಪಕ್ಕದಲ್ಲೇ.